ವಾಗ್ಮಿಯ ಆತ್ಮಶೋಧನೆ

(ಗಾಜನೂರಿನಲ್ಲಿ ಮಠದ ಮಹೋತ್ಸವದ ಅಂಗವಾಗಿ ನೆರೆದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಸಭೆಯಲ್ಲಿ ಮಾತನಾಡುವವನು ತನ್ನ ಮಾತನ್ನು ತಾನೇ ಹೇಗೆ ಪರೀಕ್ಷಿಸಿಕೊಳ್ಳಬೇಕು, ಕಂಡ ದೋಷಗಳನ್ನು ಹೇಗೆ ತಿದ್ದಿಕೊಳ್ಳಬೇಕು ಎಂಬುದೇ ಇಂದಿನ ವಿಷಯ. ಇದು ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ್ದೆಂದು ಭಾವಿಸಬಾರದು. ಮಠವೆಂಬುದು ಅನ್ನದಾಸೋಹದಿಂದ ಎಷ್ಟು ಬೆಳೆದಿರುವುದೋ ಅಷ್ಟೇ ಜ್ಞಾನದಾಸೋಹದಿಂದಲೂ ಬೆಳೆದಿರುವುದಷ್ಟೆ. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಉಂಡವನಿಗೆ ಆ ಕ್ಷಣವೇ ತಿಳಿಯುತ್ತದೆ. ಮಾತಿನಲ್ಲಿ ಕಲ್ಲು ಸಿಕ್ಕಿದರೆ ಬಹುಕಾಲ ತಿಳಿಯುವುದಿಲ್ಲ. ತಪ್ಪಾಗಿ ಕೇಳಿದ ಒಂದು ಕಥೆ, ತಪ್ಪಾಗಿ ಹೇಳಿದ ಒಂದು ಅರ್ಥ, ತಾಯಿಯಿಂದ ಮಗುವಿಗೆ, ಮಗುವಿನಿಂದ ಮೊಮ್ಮಗುವಿಗೆ ಸತ್ಯವೆಂದೇ ಸಾಗಿಬಿಡುತ್ತದೆ. ಆದುದರಿಂದ ಪಾಕಶಾಲೆಯಲ್ಲಿ ಅಕ್ಕಿಯನ್ನು ಆರಿಸುವವನ ಎಚ್ಚರಕ್ಕಿಂತ ಪೀಠದ ಮುಂದೆ ನಿಂತು ನುಡಿಯುವವನ ಎಚ್ಚರವು ಹೆಚ್ಚಿನದಾಗಿರಬೇಕು.

ಇಲ್ಲಿ ಒಂದು ವಿಚಿತ್ರವಾದ ಕಷ್ಟವಿದೆ. ಸಂತೆಯಲ್ಲಿ ಮಾತನಾಡುವವನಿಗೆ ಜನರೇ ಪರೀಕ್ಷಕರು, ರುಚಿಸದಿದ್ದರೆ ಎದ್ದುಹೋಗುತ್ತಾರೆ. ನ್ಯಾಯಾಲಯದಲ್ಲಿ ವಾದಿಸುವವನಿಗೆ ಎದುರಾಳಿ ವಕೀಲನೇ ಪರೀಕ್ಷಕ. ಮಠದಲ್ಲಿ ಮಾತನಾಡುವವನಿಗೆ ಯಾರು? ಇಲ್ಲಿ ಭಕ್ತರು ಕೈಮುಗಿದು ಕುಳಿತಿರುತ್ತಾರೆ. ಪ್ರವಚನವು ಮುಗಿದ ಕೂಡಲೇ ಪಾದಮುಟ್ಟಿ ನಮಸ್ಕರಿಸಿ, "ಬಹಳ ಚೆನ್ನಾಗಿ ಅಪ್ಪಣೆ ಕೊಡಿಸಿದಿರಿ ಬುದ್ಧಿ" ಎಂದು ಹೇಳಿ ಹೋಗುತ್ತಾರೆ. ಅವರು ಸುಳ್ಳಾಡುವವರಲ್ಲ, ಅದು ಕಾವಿಗೂ ಪೀಠಕ್ಕೂ ಸಲ್ಲಿಸುವ ಮರ್ಯಾದೆ. ಆ ಮರ್ಯಾದೆಯನ್ನು ತನ್ನ ಮಾತಿಗೆ ಸಂದ ಪ್ರಶಂಸೆಯೆಂದು ತಿಳಿದವನು ಅಂದಿನಿಂದಲೇ ಇಳಿಯತೊಡಗುತ್ತಾನೆ. ಭಕ್ತಿಯು ಭಕ್ತನನ್ನು ಉದ್ಧರಿಸುವುದು ನಿಜ. ಉಪನ್ಯಾಸಕನನ್ನು ತಿದ್ದುವುದು ಅದರ ಕೆಲಸವಲ್ಲ. ಹೊರಗೆ ಪರೀಕ್ಷಕರಿಲ್ಲದವನು ಒಳಗೆ ಪರೀಕ್ಷಕನನ್ನು ಇರಿಸಿಕೊಳ್ಳಬೇಕು.

ನಮ್ಮ ಶರಣರ ಪರಂಪರೆಯಲ್ಲಿ ಈ ಪರೀಕ್ಷೆಯು ಹೊಸದಲ್ಲ. ಈ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಅಲ್ಲಮಪ್ರಭುವಿನ ಜನ್ಮಸ್ಥಳವೆಂದೂ, ಅದೇ ತಾಲ್ಲೂಕಿನ ಉಡುತಡಿಯು ಅಕ್ಕಮಹಾದೇವಿಯ ಜನ್ಮಸ್ಥಳವೆಂದೂ ಸಂಪ್ರದಾಯವಿದೆ. ಒಂದೇ ಸೀಮೆಯ ಈ ಇಬ್ಬರೂ ಕಲ್ಯಾಣದ ಅನುಭವಮಂಟಪದಲ್ಲಿ ಎದುರುಬದುರಾದಾಗ ಪ್ರಭುವು ಅಕ್ಕನನ್ನು ಹೊಗಳಿ ಬರಮಾಡಿಕೊಂಡನೇ? ಇಲ್ಲ, ಸಭೆಯ ಮುಂದೆಯೇ ಕಠಿನವಾದ ಪ್ರಶ್ನೆಗಳನ್ನು ಕೇಳಿದನು. ಆಕೆಯ ನುಡಿಗೂ ನಡೆಗೂ ನಡುವೆ ಬಿರುಕಿದೆಯೋ ಎಂದು ತಟ್ಟಿ ನೋಡಿದನು. ಆಕೆ ಉತ್ತರಿಸಿದ ಮೇಲೆಯೇ ಶರಣರು ಆಕೆಯನ್ನು ತಲೆಬಾಗಿ ಸ್ವೀಕರಿಸಿದರು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ಮುಕ್ತಾಯಕ್ಕನ ಪ್ರಸಂಗ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡು ದುಃಖದಲ್ಲಿದ್ದ ಆಕೆಯ ಬಳಿಗೆ ಅಲ್ಲಮಪ್ರಭುವು ಬಂದು ಬೋಧಿಸತೊಡಗುತ್ತಾನೆ. ಆಕೆ ಸುಮ್ಮನೆ ಕೈಮುಗಿಯಲಿಲ್ಲ. ಮಾತಿನ ಮೇಲೆಯೇ ಆಕ್ಷೇಪವನ್ನೆತ್ತಿದಳು: ಅರಿವನ್ನು ಕಂಡವರು ಇನ್ನೂ ಮಾತಿಗೆ ಕಟ್ಟುಬಿದ್ದಿರುವುದು ಏಕೆ, ಅರಿತವರಿಗೆ ಹೇಳುವ ಹಂಬಲವು ಉಳಿದಿರುವುದು ಏಕೆ ಎಂಬ ಭಾವದ ಪ್ರಶ್ನೆಯದು. ಬೋಧಕನಾದವನು ಇದಕ್ಕಿಂತ ತೀಕ್ಷ್ಣವಾದ ವಿಮರ್ಶೆಯನ್ನು ಕೇಳಿರಲಾರನು. ಪ್ರಭುವು ಕೋಪಿಸಿಕೊಳ್ಳಲಿಲ್ಲ, ಪೀಠದ ಹಿರಿಮೆಯನ್ನು ಮುಂದಿಟ್ಟು ಆಕೆಯ ಬಾಯನ್ನು ಮುಚ್ಚಿಸಲಿಲ್ಲ. ಪ್ರಶ್ನೆಗೆ ಪ್ರಶ್ನೆಯ ಗೌರವವನ್ನು ಕೊಟ್ಟು ಉತ್ತರಿಸಿದನು. ಶೂನ್ಯಸಂಪಾದನೆಯನ್ನು ಸಂಕಲಿಸಿದ ಹಿರಿಯರು, ಶಿವಗಣಪ್ರಸಾದಿ ಮಹಾದೇವಯ್ಯನವರಿಂದ ಗೂಳೂರು ಸಿದ್ಧವೀರಣ್ಣೊಡೆಯರವರೆಗೆ, ಈ ಆಕ್ಷೇಪವನ್ನು ಮರೆಮಾಚದೆ ಉಳಿಸಿಕೊಟ್ಟರು. ಆಕ್ಷೇಪವನ್ನು ಅಳಿಸಿ ಉತ್ತರವನ್ನು ಮಾತ್ರ ಉಳಿಸಿದ್ದರೆ ನಮಗೆ ದೊರೆಯುತ್ತಿದ್ದುದು ಒಂದು ಉಪದೇಶ ಮಾತ್ರ. ಈಗ ದೊರೆತಿರುವುದು ಒಂದು ಸಂಪಾದನೆ.

ಇನ್ನು ಮಾತಿನ ಬಾಹ್ಯಾಂಗಗಳನ್ನು ಪರಿಶೀಲಿಸೋಣ. ಪಾಠಶಾಲೆಯಲ್ಲಿ ನಾವು ಮೊದಲು ಕಲಿಯುವ ಶಾಸ್ತ್ರಗಳಲ್ಲಿ ಶಿಕ್ಷಾಶಾಸ್ತ್ರವು ಒಂದು. ಪಾಣಿನೀಯ ಶಿಕ್ಷೆಯಲ್ಲಿ ಅಧಮ ಪಾಠಕರು ಆರು ಬಗೆಯವರೆಂದು ಎಣಿಸಲಾಗಿದೆ: ರಾಗವೆಳೆದು ಓದುವವನು, ಅವಸರದಿಂದ ಓದುವವನು, ತಲೆಯಾಡಿಸುತ್ತ ಓದುವವನು, ಬರೆದುದನ್ನು ನೋಡಿಯೇ ಓದುವವನು, ಅರ್ಥವನ್ನರಿಯದೆ ಓದುವವನು, ಕಂಠದಲ್ಲಿ ಬಲವಿಲ್ಲದವನು. ವೇದಪಾಠಕ್ಕೆಂದು ಹೇಳಿದ ಈ ಆರು ದೋಷಗಳು ಇಂದಿನ ವೇದಿಕೆಗೂ ಕನ್ನಡಿಯಂತೆ ಹೊಂದುತ್ತವೆ.

ರಾಗವೆಳೆಯುವವನು ಪ್ರತಿಯೊಂದು ವಾಕ್ಯದ ಕೊನೆಯನ್ನೂ ಒಂದೇ ಏರಿಳಿತದಲ್ಲಿ ಎಳೆದು ಬಿಡುತ್ತಾನೆ. ಹತ್ತು ನಿಮಿಷಗಳಾಗುವುದರೊಳಗೆ ಕೇಳುವವರಿಗೆ ಅದು ಜೋಗುಳವಾಗುತ್ತದೆ. ಅವಸರದವನು ತನಗೆ ತಿಳಿದುದೆಲ್ಲವನ್ನೂ ಇಂದೇ ಹೇಳಿ ಮುಗಿಸಬೇಕೆಂದು ಹೊರಟಿರುತ್ತಾನೆ. ಅವನ ಮಾತು ಹಿಂದಿನ ಮಾತನ್ನು ತುಳಿದುಕೊಂಡೇ ಬರುತ್ತದೆ. ತಲೆಯಾಡಿಸುವವನ ಜೊತೆಗೆ ಈ ಕಾಲದಲ್ಲಿ ಧ್ವನಿವರ್ಧಕದ ಕಂಬವನ್ನು ಹಿಡಿದು ತಿರುವುವವನನ್ನೂ, ಶಲ್ಯವನ್ನು ಕ್ಷಣಕ್ಕೊಮ್ಮೆ ಸರಿಪಡಿಸಿಕೊಳ್ಳುವವನನ್ನೂ ಸೇರಿಸಬಹುದು. ಹಾಳೆಯನ್ನು ನೋಡಿ ಓದುವವನು ಸಭೆಯ ಮುಖವನ್ನೇ ನೋಡುವುದಿಲ್ಲ. ಮುಖವನ್ನು ನೋಡದವನಿಗೆ ತನ್ನ ಮಾತು ಎಲ್ಲಿ ಮುಟ್ಟಿತು, ಎಲ್ಲಿ ಬಿದ್ದುಹೋಯಿತು ಎಂಬುದು ತಿಳಿಯುವ ಬಗೆ ಹೇಗೆ? ಅಲ್ಪಕಂಠನ ಕಷ್ಟವನ್ನು ಧ್ವನಿವರ್ಧಕವು ಪರಿಹರಿಸಿತೆಂದು ಹಲವರು ತಿಳಿದಿದ್ದಾರೆ. ಆದರೆ ಆ ಯಂತ್ರವು ಧ್ವನಿಯನ್ನು ವರ್ಧಿಸುವುದೇ ಹೊರತು ಸ್ಪಷ್ಟತೆಯನ್ನು ವರ್ಧಿಸುವುದಿಲ್ಲ. ನುಂಗಿದ ಅಕ್ಷರವನ್ನು ದೊಡ್ಡದಾಗಿ ನುಂಗಿದಂತೆ ಕೇಳಿಸುತ್ತದೆ, ಅಷ್ಟೆ. ಇವೆಲ್ಲಕ್ಕಿಂತ ಗುರುತರವಾದುದು ಅರ್ಥವನ್ನರಿಯದೆ ಹೇಳುವುದು. ಉಳಿದ ಐದು ದೋಷಗಳು ಕೇಳುಗನ ಕಿವಿಯನ್ನು ನೋಯಿಸುತ್ತವೆ. ಇದೊಂದು ಅವನ ಬುದ್ಧಿಯನ್ನೇ ದಾರಿ ತಪ್ಪಿಸುತ್ತದೆ.

ಅದೇ ಶಿಕ್ಷೆಯಲ್ಲಿ ಗುಣಗಳನ್ನೂ ಎಣಿಸಿದ್ದಾರೆ: ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದಗಳನ್ನು ಬಿಡಿಸಿ ಹೇಳುವ ನೈಪುಣ್ಯ, ಒಳ್ಳೆಯ ಸ್ವರ, ಧೈರ್ಯ, ಲಯದ ಹಿಡಿತ. ಇವುಗಳಲ್ಲಿ ಹುಟ್ಟಿನಿಂದ ಬರುವಂಥವು ಕೆಲವೇ; ಅಕ್ಷರವೂ ಪದಚ್ಛೇದವೂ ಲಯವೂ ಅಭ್ಯಾಸದಿಂದಲೇ ಬರತಕ್ಕವು. ಹೆಣ್ಣುಹುಲಿಯು ತನ್ನ ಮರಿಯನ್ನು ಹಲ್ಲಿನಲ್ಲಿ ಕಚ್ಚಿ ಒಯ್ಯುವಾಗ ಬೀಳಿಸುವುದೂ ಇಲ್ಲ, ಗಾಯಗೊಳಿಸುವುದೂ ಇಲ್ಲ. ಅಕ್ಷರಗಳನ್ನೂ ಹಾಗೆಯೇ ಒಯ್ಯಬೇಕೆಂದು ಆ ಶಾಸ್ತ್ರಕಾರರು ತೋರಿಸಿಕೊಟ್ಟ ಹೋಲಿಕೆಯನ್ನು ನಮ್ಮ ಮಲೆನಾಡಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಅಭ್ಯಾಸವೆಂದರೇನೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಇದೇ ತುಂಗೆಯ ದಡದಲ್ಲಿ ಮತ್ತೂರು, ಹೊಸಹಳ್ಳಿಗಳಿವೆ. ಮತ್ತೂರು ಸಂಸ್ಕೃತಕ್ಕೂ ಹೊಸಹಳ್ಳಿಯು ಗಮಕಕ್ಕೂ ಹೆಸರಾದ ಊರುಗಳು. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಗೌರವವು ಸಂದಿತು. ಅದೇ ವರ್ಷ ಅವರು ದಿವಂಗತರಾದರು. ಗಮಕದ ಪದ್ಧತಿಯಲ್ಲಿ ನಮಗೊಂದು ದೊಡ್ಡ ಪಾಠವಿದೆ. ಅಲ್ಲಿ ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ವಾಚಕರ ರಾಗವು ಪದ್ಯದ ಅರ್ಥವನ್ನು ಮುಚ್ಚಬಾರದು. ವ್ಯಾಖ್ಯಾನಕಾರರ ವಿಸ್ತಾರವು ಕವಿಯನ್ನು ಮುಚ್ಚಬಾರದು. ಒಬ್ಬರ ಅತಿರೇಕಕ್ಕೆ ಮತ್ತೊಬ್ಬರು ಪಕ್ಕದಲ್ಲೇ ಕಡಿವಾಣವಾಗಿ ಕುಳಿತಿರುತ್ತಾರೆ. ನಮ್ಮ ಮಠಗಳಲ್ಲಿಯೂ ಶ್ರಾವಣಮಾಸದಲ್ಲಿ, ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವನ್ನೋ ವಿರೂಪಾಕ್ಷಪಂಡಿತನು 1584ರಲ್ಲಿ ರಚಿಸಿದ ಚೆನ್ನಬಸವಪುರಾಣವನ್ನೋ ಇಟ್ಟುಕೊಂಡು, ಒಬ್ಬರು ಓದಿ ಒಬ್ಬರು ಅರ್ಥ ಹೇಳುವ ವಾಡಿಕೆಯಿತ್ತು. ಒಬ್ಬರೇ ಎಲ್ಲವನ್ನೂ ಮಾಡುವ ಪ್ರವಚನವು ಬಂದ ಮೇಲೆ ಆ ಪಕ್ಕದ ಕಡಿವಾಣವು ಹೋಯಿತು. ಆದುದರಿಂದ ಒಂಟಿಯಾಗಿ ವೇದಿಕೆಯೇರುವವನು ತನ್ನೊಳಗೇ ಇಬ್ಬರಾಗಬೇಕು: ಒಬ್ಬನು ಹೇಳುವವನು, ಒಬ್ಬನು ಕೇಳುವವನು.

ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ವಟುಗಳನ್ನು ಸಿದ್ಧಗೊಳಿಸತೊಡಗಿದರು. ಹರ್ಡೇಕರ ಮಂಜಪ್ಪನವರೂ ಮೃತ್ಯುಂಜಯ ಸ್ವಾಮಿಗಳೂ ದಾವಣಗೆರೆಯಲ್ಲಿ 1913ರಿಂದ ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಆಚರಣೆಗೆ ತಂದರು. ಅಂದಿನಿಂದ ನಮ್ಮ ಸಮಾಜದಲ್ಲಿ ಸಭೆಗಳು ಬೆಳೆದವು, ಭಾಷಣಗಳು ಬೆಳೆದವು. ಭಾಷಣಗಳು ಬೆಳೆದಷ್ಟು ಭಾಷಣಕಾರನ ಸಾಧನೆಯೂ ಬೆಳೆಯಿತೇ ಎಂದು ಕೇಳಿಕೊಳ್ಳುವುದು ಆ ಹಿರಿಯರಿಗೆ ನಾವು ಸಲ್ಲಿಸಬೇಕಾದ ಋಣ.

ಸಭಾಭೀತಿಯುಳ್ಳ ವಟುಗಳಿಗೆ ಒಂದು ಮಾತು. ಮಹಾತ್ಮಾ ಗಾಂಧಿಯವರು 1927ರಲ್ಲಿ ಶಿವಮೊಗ್ಗೆಗೂ ಭದ್ರಾವತಿಗೂ ಬಂದಿದ್ದರು. ಅವರ ಮಾತಿಗಾಗಿ ಲಕ್ಷಾಂತರ ಜನರು ಕಾದಿರುತ್ತಿದ್ದ ಕಾಲವದು. ಆದರೆ ಅವರು 1891ರಲ್ಲಿ ಇಂಗ್ಲೆಂಡಿನಿಂದ ಹಿಂದಿರುಗಿ ಮುಂಬಯಿಯಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದುನಿಂತಾಗ ತಲೆಸುತ್ತಿ ಒಂದು ಪ್ರಶ್ನೆಯನ್ನೂ ಕೇಳಲಾರದೆ ಕುಳಿತುಕೊಂಡರು. ತೆಗೆದುಕೊಂಡಿದ್ದ 30 ರೂಪಾಯಿಗಳನ್ನು ಹಿಂದಕ್ಕೆ ಕೊಟ್ಟರು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಂಥವರು 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಭಾರತೀಯ ವರ್ತಕರ ಮುಂದೆ, ವ್ಯಾಪಾರದಲ್ಲಿ ಸತ್ಯವನ್ನು ಪಾಲಿಸಬೇಕೆಂಬ ವಿಷಯವಾಗಿ ಮಾತನಾಡಿದರು. ಅದನ್ನೇ ತಮ್ಮ ಮೊದಲ ಸಾರ್ವಜನಿಕ ಭಾಷಣವೆಂದು ಕರೆದರು. ಎರಡು ಮೂರು ವರ್ಷಗಳಲ್ಲಿ ಅವರ ನಾಲಗೆ ಬದಲಾಯಿತೇ? ನಾಲಗೆ ಅದೇ, ಹೇಳಲೇಬೇಕಾದ ವಿಷಯವು ದೊರೆತಿತ್ತು. ತನ್ನ ಮಾನದ ಚಿಂತೆಯಿಂದ ನಿಂತವನಿಗೆ ಸಭೆಯು ಹುಲಿಯಾಗಿ ಕಾಣುತ್ತದೆ. ಜನರ ಹಿತದ ಚಿಂತೆಯಿಂದ ನಿಂತವನಿಗೆ ಅದೇ ಸಭೆಯು ಬಂಧುಬಳಗವಾಗಿ ಕಾಣುತ್ತದೆ. ಹುಟ್ಟು ಸಂಕೋಚದಿಂದ ತಮಗೆ ನಷ್ಟವಾಗಲಿಲ್ಲ, ಮಾತಿನಲ್ಲಿ ಮಿತವ್ಯಯವನ್ನು ಅದೇ ಕಲಿಸಿತೆಂದೂ ಗಾಂಧಿಯವರು ಹೇಳಿಕೊಂಡಿದ್ದಾರೆ. ಆದುದರಿಂದ ತಡವರಿಸುವ ಹುಡುಗನನ್ನು ಹೀಯಾಳಿಸಬೇಡಿರಿ. ತಡವರಿಸದೆ ಸುರಿಸುವವನನ್ನು ಎಚ್ಚರಿಸಿರಿ.

ಇನ್ನು ಆತ್ಮಶೋಧನೆಯ ಕ್ರಮವನ್ನು ಹೇಳುತ್ತೇನೆ. ಇದು ಮೂರು ಕಾಲಗಳಲ್ಲಿ ನಡೆಯತಕ್ಕದ್ದು: ಮಾತಿಗೆ ಮೊದಲು, ಮಾತಿನ ನಡುವೆ, ಮಾತಿನ ತರುವಾಯ.

ಮೊದಲು ಮಾಡತಕ್ಕದ್ದೇನು? ತಾನು ಹೇಳಬೇಕೆಂದಿರುವುದನ್ನು ಒಂದೇ ವಾಕ್ಯದಲ್ಲಿ ಬರೆದು ನೋಡಬೇಕು. ಒಂದು ವಾಕ್ಯಕ್ಕೆ ಇಳಿಯದ ವಿಷಯವು ಒಂದು ಗಂಟೆಗೂ ಇಳಿಯುವುದಿಲ್ಲ. ಅನಂತರ ತಾನು ಹೇಳಲಿರುವ ವಚನವು ಯಾರದೆಂದು ಗ್ರಂಥವನ್ನು ತೆಗೆದು ನೋಡಬೇಕು. ಕೂಡಲಸಂಗಮದೇವ ಎಂಬ ಅಂಕಿತ ಬಸವಣ್ಣನವರದು, ಗುಹೇಶ್ವರ ಎಂಬುದು ಪ್ರಭುವಿನದು, ಚೆನ್ನಮಲ್ಲಿಕಾರ್ಜುನ ಎಂಬುದು ಅಕ್ಕನದು ಎಂಬುದನ್ನು ಮಕ್ಕಳೂ ಬಲ್ಲರು. ಆದರೂ ಒಬ್ಬರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಇಡುವುದನ್ನೂ, ಯಾವ ಶರಣರೂ ನುಡಿಯದ ಮಾತಿಗೆ ಅಂಕಿತವನ್ನು ಅಂಟಿಸಿ ಹೇಳುವುದನ್ನೂ ನಾವು ವೇದಿಕೆಗಳಲ್ಲಿ ಕೇಳುತ್ತಿದ್ದೇವೆ. ಓಲೆಗರಿಗಳನ್ನು ಮನೆಮನೆಯಲ್ಲಿ ಅರಸಿ, ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಿದ ಕಾಲದಲ್ಲಿ ಗ್ರಂಥವಿಲ್ಲವೆಂಬ ನೆಪವು ಸಲ್ಲಬಹುದಾಗಿತ್ತು. ಕರ್ನಾಟಕ ಸರ್ಕಾರವು ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿರುವಾಗ ಆ ನೆಪವು ಸಲ್ಲದು.

ಮಾತಿನ ನಡುವೆ ನೋಡತಕ್ಕದ್ದು ಸಭೆಯ ಮುಖವನ್ನು. ನಮ್ಮ ಶ್ರಾವಣವು ಮಲೆನಾಡಿನಲ್ಲಿ ನಾಟಿಯ ಕಾಲ. ಬೆಳಗಿನಿಂದ ಕೆಸರಿನಲ್ಲಿ ಬಗ್ಗಿ ಸಸಿ ನೆಟ್ಟ ತಾಯಂದಿರು ಸಂಜೆ ಕಾಲು ತೊಳೆದುಕೊಂಡು ಪ್ರವಚನಕ್ಕೆ ಬಂದು ಕೂರುತ್ತಾರೆ. ದಿನವೆಲ್ಲ ದುಡಿದ ಕೂಲಿಕಾರರು ಬಂದಿರುತ್ತಾರೆ. ಕಾಯಕವೇ ಕೈಲಾಸವೆಂದು ಅವರ ಮುಂದೆ ಎರಡು ಗಂಟೆ ಉಪದೇಶಿಸುವವನು, ಅವರ ಕಾಯಕವನ್ನೂ ಅದರಿಂದಾದ ದಣಿವನ್ನೂ ಗೌರವಿಸಿದಂತಾಗಲಿಲ್ಲ. ಗೊತ್ತುಮಾಡಿದ ಹೊತ್ತಿಗೆ ಮುಗಿಸುವುದು ಕೇವಲ ಶಿಸ್ತಲ್ಲ, ಅದು ದಯೆ. ದಯೆಯಿಲ್ಲದ ಕಡೆ ಧರ್ಮೋಪದೇಶಕ್ಕೆ ಎಡೆಯೆಲ್ಲಿ?

ತರುವಾಯದ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯವಾದುದು. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲು ಇದೆ. ಪ್ರವಚನವನ್ನು ಅದರಲ್ಲಿ ತುಂಬಿ ಲೋಕಕ್ಕೆಲ್ಲ ಕಳುಹಿಸುವವರು ಬಹಳ. ತಾನೊಬ್ಬನೇ ಕುಳಿತು ಕೇಳಿಕೊಳ್ಳುವವರು ವಿರಳ. ಹಿಂದಿನವರಿಗೆ ಇಲ್ಲದಿದ್ದ ಈ ಕನ್ನಡಿಯನ್ನು ಬಳಸಿಕೊಳ್ಳಿರಿ. ಮೊದಲ ಸಲ ಕೇಳುವಾಗ ತನ್ನ ಧ್ವನಿಯು ತನಗೇ ಅಪರಿಚಿತವಾಗಿ ತೋರುತ್ತದೆ, ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತದೆ, ಆದರೂ ಕೇಳಬೇಕು. ಬೇಕಿಲ್ಲದ ಕಡೆ ಬಂದ "ಅಂದರೆ"ಗಳೆಷ್ಟು, ಮುಗಿಯದೆ ಕಡಿದುಹೋದ ವಾಕ್ಯಗಳೆಷ್ಟು, ವಿಷಯವನ್ನು ಬಿಟ್ಟು ತನ್ನನ್ನು ತಾನು ಹೊಗಳಿಕೊಂಡ ಕಡೆಗಳೆಷ್ಟು ಎಂದು ಎಣಿಸಬೇಕು. ಎಲ್ಲವನ್ನೂ ಒಮ್ಮೆಗೇ ತಿದ್ದಲು ಹೋಗಬಾರದು. ತಿಂಗಳಿಗೆ ಒಂದು ದೋಷ ಸಾಕು, ವರ್ಷಕ್ಕೆ ಹನ್ನೆರಡಾಗುತ್ತದೆ.

ಎರಡನೆಯದಾಗಿ, ಕೇಳಿದವರಲ್ಲಿ ಒಬ್ಬರನ್ನು ಮರುದಿನ ಕಂಡು, "ಹೇಗಿತ್ತು?" ಎಂದು ಕೇಳಬಾರದು, ಹಾಗೆ ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರವೇ ಬರುವುದು. "ಏನು ನೆನಪಿದೆ?" ಎಂದು ಕೇಳಬೇಕು. ಅವರು ಹಾಸ್ಯದ ಕಥೆಯೊಂದನ್ನೇ ನೆನಪಿಟ್ಟುಕೊಂಡು ಅದು ಯಾವ ತತ್ತ್ವಕ್ಕೆ ದೃಷ್ಟಾಂತವಾಗಿತ್ತೆಂಬುದನ್ನು ಮರೆತಿದ್ದರೆ, ಕೊರತೆಯು ಅವರ ಜ್ಞಾಪಕದ್ದಲ್ಲ; ಹಣತೆಯನ್ನು ಚೆನ್ನಾಗಿ ಅಲಂಕರಿಸಿದವನು ಎಣ್ಣೆಯನ್ನು ಹಾಕಿರಲಿಲ್ಲ.

ಮೂರನೆಯದಾಗಿ, ಪ್ರಶ್ನೆಗೆ ಎಡೆಕೊಡಬೇಕು. ಒಂದು ಹಳ್ಳಿಯ ಪ್ರವಚನದ ಕೊನೆಯಲ್ಲಿ ಮುದುಕಿಯೊಬ್ಬಳು ಎದ್ದು, "ಷಟ್‌ಸ್ಥಲ, ಷಟ್‌ಸ್ಥಲ ಅಂದಿರಲ್ಲ ಬುದ್ಧಿ, ಹಂಗಂದರೇನು?" ಎಂದು ಕೇಳಿದಳು. ಸುತ್ತಲಿದ್ದವರು "ಸುಮ್ಮನಿರಜ್ಜಿ" ಎಂದು ಗದರಿಸಿ ಕೂರಿಸಿದರು. ವೇದಿಕೆಯಲ್ಲಿದ್ದವರು ಅವರನ್ನು ತಡೆದು, ಭಕ್ತನಿಂದ ಐಕ್ಯದವರೆಗಿನ ಆರು ಮೆಟ್ಟಿಲುಗಳನ್ನು ಆಕೆಯ ಮನೆಯ ಮಾತಿನಲ್ಲಿಯೇ ಬಿಡಿಸಿ ಹೇಳಿದರು. ಅಂದಿನ ಒಂದು ಗಂಟೆಯ ಪ್ರವಚನಕ್ಕಿಂತ ಆ ಐದು ನಿಮಿಷಗಳೇ ಊರಿನವರಿಗೆ ಉಳಿದವು. ಮುಕ್ತಾಯಕ್ಕನ ಪ್ರಶ್ನೆಯನ್ನು ಗ್ರಂಥದಲ್ಲಿ ಪೂಜಿಸಿ, ಅಜ್ಜಿಯ ಪ್ರಶ್ನೆಯನ್ನು ಸಭೆಯಲ್ಲಿ ಗದರಿಸುವುದು ಶರಣಧರ್ಮವಾಗಲಾರದು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆತ್ಮಶೋಧನೆಯೆಂದರೆ ಆತ್ಮನಿಂದೆಯಲ್ಲ. "ನಾನು ಅಲ್ಪಜ್ಞ, ಪಾಮರ, ನನಗೇನೂ ಬಾರದು" ಎಂದು ಪೀಠಿಕೆಯಲ್ಲಿ ಹತ್ತು ನಿಮಿಷ ಹೇಳಿಕೊಳ್ಳುವುದು ವಿನಯದ ವೇಷವನ್ನು ತೊಟ್ಟ ಅಹಂಕಾರ. ಅಷ್ಟು ಹೊತ್ತೂ ಮಾತು ತನ್ನ ಸುತ್ತಲೇ ತಿರುಗಿತಲ್ಲವೇ? ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚುತ್ತಾನೆ; ಬೈಯುವುದೂ ಇಲ್ಲ, ಮುದ್ದಿಸುವುದೂ ಇಲ್ಲ. ಹಾಗೆ ತನ್ನ ಮಾತನ್ನು ತಾನು ನೋಡತಕ್ಕದ್ದು.

ನಾವು ನೆರೆದಿರುವ ಈ ಗಾಜನೂರನ್ನೇ ನೋಡಿರಿ. ಮಳೆಗಾಲದಲ್ಲಿ ತುಂಗೆಯು ಕೆಂಪಾಗಿ, ದಡವನ್ನು ನಡುಗಿಸುತ್ತ ಹರಿಯುತ್ತಾಳೆ. ಅದನ್ನು ನೋಡಲು ಜನರು ನೆರೆಯುತ್ತಾರೆ. ಆದರೆ ಹೊಲಗದ್ದೆಗಳನ್ನು ಬೆಳೆಸುವುದು ಆ ಪ್ರವಾಹವಲ್ಲ. ಅಣೆಕಟ್ಟಿನಲ್ಲಿ ನಿಂತು, ಕೆಸರು ತಳಕ್ಕಿಳಿದು, ಎಡದಂಡೆ ಬಲದಂಡೆಗಳ ಕಾಲುವೆಗಳಲ್ಲಿ ಅಳತೆಗೆ ತಕ್ಕಷ್ಟು ಹರಿಯುವ ನೀರು. ಆ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ಸಕ್ರೆಬೈಲಿನ ಆನೆಬಿಡಾರವಿದೆ. ಅಲ್ಲಿ ಬೆಟ್ಟದಂಥ ಆನೆಯನ್ನು ಮಾವುತನು ನಡೆಸುವುದು ಉಪನ್ಯಾಸದಿಂದಲ್ಲ, ಎರಡು ಮೂರು ಚಿಕ್ಕ ಮಾತುಗಳಿಂದ. ಆ ಮಾತಿಗೆ ಅಷ್ಟು ಬಲವು ಬಂದದ್ದು ಹೇಗೆ? ಪ್ರತಿದಿನವೂ ಅದನ್ನು ತೊಳೆದು, ಮೇವು ತಿನ್ನಿಸಿ, ಅದರ ಜೊತೆಯಲ್ಲಿ ಬಾಳಿದುದರಿಂದ. ನುಡಿಯ ಹಿಂದೆ ನಡೆಯು ನಿಂತಾಗ ಚಿಕ್ಕ ಮಾತೂ ದೊಡ್ಡದನ್ನು ನಡೆಸುತ್ತದೆ. ನಡೆಯಿಲ್ಲದಿದ್ದರೆ ದೊಡ್ಡ ಮಾತೂ ಇರುವೆಯನ್ನು ಕದಲಿಸದು.

ಕೊನೆಯದಾಗಿ ಭಕ್ತಮಹಾಜನರಲ್ಲಿ ಒಂದು ಬಿನ್ನಹ. ಈ ಪಾಠಶಾಲೆಯ ವಟುಗಳು ನಾಳೆ ನಿಮ್ಮ ಊರುಗಳಿಗೆ ಪ್ರವಚನಕ್ಕಾಗಿ ಬರುವರು. ಅವರಿಗೆ ಪಾದಪೂಜೆಯನ್ನು ಮಾಡಿರಿ, ಪ್ರಸಾದವನ್ನು ನೀಡಿರಿ. ಅದರ ಜೊತೆಗೆ, ತಿಳಿಯದುದನ್ನು ತಿಳಿಯಲಿಲ್ಲವೆಂದೂ, ಹೆಚ್ಚಾದುದನ್ನು ಹೆಚ್ಚಾಯಿತೆಂದೂ ಏಕಾಂತದಲ್ಲಿ, ಪ್ರೀತಿಯಿಂದ, ಮರೆಯದೆ ಹೇಳಿರಿ. ಅವರ ಮುಖವು ಆ ಕ್ಷಣಕ್ಕೆ ಬಾಡಬಹುದು. ಮುಂದಿನ ಶ್ರಾವಣಕ್ಕೆ ಅವರ ಮಾತು ಅರಳಿರುತ್ತದೆ. ವಟುಗಳೇ, ನೀವು ಅದನ್ನು ಪ್ರಸಾದವೆಂದೇ ಕೈಯೊಡ್ಡಿ ತೆಗೆದುಕೊಳ್ಳಿರಿ. ಹೊಗಳಿಕೆಯ ಹಾರವು ಸಂಜೆಗೆ ಬಾಡುತ್ತದೆ. ತಿದ್ದಿದ ಮಾತು ಬಾಳಿನುದ್ದಕ್ಕೂ ಬರುತ್ತದೆ.